ದ್ರೌಪದಿಯ ಅವಮಾನ, ವನವಾಸ: ಕನ್ನಡದಲ್ಲಿ ಯಾವ ಭಾರತವನ್ನು ಕೈಗೆತ್ತಿಕೊಳ್ಳಬೇಕು?

ಮುಗಿಯದೆ ಬೆಳೆಯುತ್ತಲೇ ಹೋಗುವ ಕೆಲಸವನ್ನೋ ವ್ಯಾಜ್ಯವನ್ನೋ ನಾವು ದ್ರೌಪದಿಯ ಸೀರೆಗೆ ಹೋಲಿಸುತ್ತೇವೆ. ಸೀರೆ ನಮ್ಮ ಮಾತಿನೊಳಗೆ ಸೇರಿಹೋಯಿತು. ಆ ಸೀರೆಗೆ ಯಾರೂ ಕೈಹಾಕುವ ಮೊದಲೇ ಜೂಜಿನಲ್ಲಿ ತನ್ನನ್ನು ಪಣವಿಟ್ಟ ಧರ್ಮರಾಯನಿಗೆ ಅವಳು ಸಭೆಗೆ ಹೇಳಿಕಳುಹಿಸಿದ ಪ್ರಶ್ನೆ ಸೇರಲಿಲ್ಲ. "ನೀನು ಮೊದಲು ಸೋತದ್ದು ನಿನ್ನನ್ನೋ, ನನ್ನನ್ನೋ?" ಎಂಬ ಆ ಪ್ರಶ್ನೆಗೆ ಭೀಷ್ಮ, ದ್ರೋಣ, ಧೃತರಾಷ್ಟ್ರರು ಕುಳಿತಿದ್ದ ಸಭೆಯಲ್ಲಿ ತೀರ್ಪು ಸಿಗಲಿಲ್ಲ. ದ್ರೌಪದಿಯ ಕಥೆಯನ್ನು ಒಮ್ಮೆ ಮನಸ್ಸಿಟ್ಟು ಓದಬೇಕು, ಯಾವ ಪುಸ್ತಕದಿಂದ ಆರಂಭಿಸಲಿ ಎಂದು ಯಾರಾದರೂ ಕೇಳಿದಾಗ ನಾನು ಈ ಪ್ರಶ್ನೆಯನ್ನೇ ಅಳತೆಗೋಲಾಗಿ ಮುಂದಿಡುತ್ತೇನೆ. ಯಾವ ಕೃತಿ ಅವಳ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಉಳಿಸಿಕೊಂಡಿದೆ, ಯಾವುದು ಅದನ್ನು ಭಕ್ತಿಯ ಕಡೆಗೆ ತಿರುಗಿಸಿದೆ, ಯಾವುದು ಸೇಡಿನ ಕಡೆಗೆ ತಿರುಗಿಸಿದೆ ಎಂಬುದನ್ನು ತಿಳಿದುಕೊಂಡರೆ ಆಯ್ಕೆ ಅರ್ಧ ಮುಗಿದಂತೆ.

ಕನ್ನಡ ಓದುಗನ ಮುಂದಿರುವ ದಾರಿಗಳು ಹಲವು. ವ್ಯಾಸಭಾರತದ ಮೂಲಸಹಿತ ಅನುವಾದಗಳಿವೆ. ಅದನ್ನು ಗದ್ಯದಲ್ಲಿ ಸಂಗ್ರಹಿಸಿದ ಎ. ಆರ್. ಕೃಷ್ಣಶಾಸ್ತ್ರಿಗಳ 'ವಚನ ಭಾರತ' ಇದೆ. ಹತ್ತನೆಯ ಶತಮಾನದ ಪಂಪ ಮತ್ತು ರನ್ನರ, ಗದ್ಯಪದ್ಯ ಬೆರೆತ ಚಂಪೂಕಾವ್ಯಗಳಿವೆ. ಗದುಗಿನ ನಾರಣಪ್ಪನೆಂಬ ಕುಮಾರವ್ಯಾಸನ 'ಕರ್ಣಾಟ ಭಾರತ ಕಥಾಮಂಜರಿ' ಇದೆ. ಎಸ್. ಎಲ್. ಭೈರಪ್ಪನವರ ಕಾದಂಬರಿ 'ಪರ್ವ' ಇದೆ. ಓದುವುದಕ್ಕಿಂತ ಕೇಳುವುದು ಅಥವಾ ನೋಡುವುದು ಒಗ್ಗುವವರಿಗೆ ಗಮಕ, ತಾಳಮದ್ದಳೆ, ಯಕ್ಷಗಾನಗಳಿವೆ. ಬೆಂಗಳೂರಿನ ಕರಗವೂ ಇದೆ. ಇವೆಲ್ಲವೂ ಒಂದೇ ದ್ರೌಪದಿಯನ್ನು ತೋರಿಸುವುದಿಲ್ಲ. ಒಂದರಲ್ಲಿ ಅವಳಿಗೆ ಐವರು ಗಂಡಂದಿರು, ಮತ್ತೊಂದರಲ್ಲಿ ಒಬ್ಬನೇ. ಒಂದರಲ್ಲಿ ಅವಳು ನ್ಯಾಯ ಕೇಳುವ ರಾಣಿ, ಇನ್ನೊಂದರಲ್ಲಿ ದೇವರನ್ನು ಕೂಗುವ ಭಕ್ತೆ, ಮಗದೊಂದರಲ್ಲಿ ಸ್ವತಃ ಶಕ್ತಿದೇವತೆ.

ಎರಡು ಸ್ಥಳಗಳನ್ನು ಮೊದಲು ತೆರೆದು ನೋಡಿ

ಗ್ರಂಥಾಲಯದ ಕಪಾಟಿನ ಮುಂದೆ ನಿಂತು ಆಯ್ಕೆ ಮಾಡುವವರು ಇಡೀ ಪುಸ್ತಕವನ್ನು ತಿರುವಬೇಕಾಗಿಲ್ಲ. ಎರಡು ಸ್ಥಳಗಳನ್ನು ತೆರೆದು ಓದಿದರೆ ಸಾಕು. ಮೊದಲನೆಯದು ಸಭಾಪರ್ವದಲ್ಲಿ ಪ್ರಾತಿಕಾಮಿ ಎಂಬ ಸೂತನು ದ್ರೌಪದಿಯ ಬಳಿಗೆ ಬರುವ ಸ್ಥಳ. ಎರಡನೆಯದು ವಿರಾಟಪರ್ವದಲ್ಲಿ, ವಿರಾಟರಾಜನ ಸೇನಾಪತಿ ಕೀಚಕನಿಂದ ಒದೆಸಿಕೊಂಡ ದಿನದ ರಾತ್ರಿ, ಅವಳು ಅಡುಗೆಮನೆಯಲ್ಲಿ ಮಲಗಿದ್ದ ಭೀಮನನ್ನು ಎಬ್ಬಿಸಲು ಹೋಗುವ ಸ್ಥಳ. ಮೊದಲನೆಯದು ರಾಜಸಭೆ, ಹಗಲು, ನೂರಾರು ಜನ. ಎರಡನೆಯದು ಕತ್ತಲು, ಒಲೆಯ ಬೂದಿ, ಇಬ್ಬರೇ. ಇವೆರಡರ ನಡುವೆ ಹನ್ನೆರಡು ವರ್ಷಗಳ ಅರಣ್ಯವಾಸವೂ ಅಜ್ಞಾತವಾಸದ ಬಹುಪಾಲು ತಿಂಗಳುಗಳೂ ಕಳೆದಿವೆ. ಕವಿಯೊಬ್ಬನು ದ್ರೌಪದಿಯನ್ನು ಎಷ್ಟು ಹತ್ತಿರದಿಂದ ನೋಡಿದ್ದಾನೆ ಎಂಬುದು ಈ ಎರಡು ಸ್ಥಳಗಳಲ್ಲಿ ಹೊರಬೀಳುತ್ತದೆ. ಬಹಳ ಜನ ಮೊದಲನೆಯದನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರುತ್ತಾರೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ನಂಬಬಹುದಾದ ಪರೀಕ್ಷೆ, ಏಕೆಂದರೆ ಅಲ್ಲಿ ಕವಿಯ ನೆರವಿಗೆ ಯಾವ ಪವಾಡವೂ ಬರುವುದಿಲ್ಲ.

ವ್ಯಾಸಭಾರತ: ಪ್ರಶ್ನೆ ಇನ್ನೂ ಬಿಸಿಯಾಗಿರುವ ಪಾಠ

ಸಮಯವೂ ತಾಳ್ಮೆಯೂ ಇರುವವರಿಗೆ ವ್ಯಾಸಭಾರತದ ಪೂರ್ಣ ಅನುವಾದಕ್ಕಿಂತ ಉತ್ತಮವಾದದ್ದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹದಿನೆಂಟು ಪರ್ವಗಳನ್ನೂ ಓದಬೇಕೆಂದಿಲ್ಲ. ದ್ರೌಪದಿಗಾಗಿ ಓದುವವರು ಸಭಾ, ವನ, ವಿರಾಟ, ಉದ್ಯೋಗ ಎಂಬ ನಾಲ್ಕು ಪರ್ವಗಳ ಸಂಪುಟಗಳನ್ನು ತಂದುಕೊಂಡರೆ ಸಾಕು.

ಸಭಾಪರ್ವದಲ್ಲಿ ಅವಳು ಮೊದಲು ಅಳುವುದಿಲ್ಲ, ಕೇಳುತ್ತಾಳೆ. ಪಣವಾಗಿ ಸೋತಿದ್ದೀಯೆ, ಬಾ ಎಂದು ಕರೆಯಲು ಬಂದ ಪ್ರಾತಿಕಾಮಿಯನ್ನು, ಆ ಜೂಜುಗಾರನು ಮೊದಲು ಯಾರನ್ನು ಸೋತನೆಂದು ಕೇಳಿಕೊಂಡು ಬಾ ಎಂದು ಹಿಂದಕ್ಕೆ ಕಳುಹಿಸುತ್ತಾಳೆ. ತನ್ನನ್ನೇ ಸೋತು ದಾಸನಾದವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಅಧಿಕಾರ ಇದೆಯೇ ಎಂಬ ಕಾನೂನಿನ ಪ್ರಶ್ನೆ ಅದರೊಳಗಿದೆ. ಭೀಷ್ಮನು ಧರ್ಮದ ಗತಿ ಸೂಕ್ಷ್ಮ ಎನ್ನುತ್ತಾನೆ: ಸ್ವತ್ತಿಲ್ಲದವನು ಪರರ ಸ್ವತ್ತನ್ನು ಪಣವಿಡಲಾರ, ಆದರೆ ಹೆಂಡತಿ ಗಂಡನ ವಶದಲ್ಲಿರುವವಳು, ಆದ್ದರಿಂದ ನಿರ್ಣಯಿಸಲಾರೆ ಎಂದು ಹಿಂದೆ ಸರಿಯುತ್ತಾನೆ. ದುರ್ಯೋಧನನ ತಮ್ಮನಾದ ವಿಕರ್ಣನು ಎದ್ದುನಿಂತು ಅವಳು ಸೋತವಳಲ್ಲ ಎಂದು ಕಾರಣಸಹಿತ ವಾದಿಸುತ್ತಾನೆ. ಕರ್ಣನು ಅವನ ಬಾಯಿ ಮುಚ್ಚಿಸುತ್ತಾನೆ. ರಜಸ್ವಲೆಯಾಗಿ ಏಕವಸ್ತ್ರದಲ್ಲಿದ್ದವಳನ್ನು ದುಶ್ಶಾಸನನು ಎಳೆದು ತಂದದ್ದು, ರಾಜಸೂಯ ಯಾಗದ ಕೊನೆಯ ಸ್ನಾನವಾದ ಅವಭೃಥದಲ್ಲಿ ಮಂತ್ರಪೂತವಾದ ನೀರಿನಿಂದ ನೆನೆದಿದ್ದ ಕೂದಲಿಗೇ ಅವನು ಕೈಹಾಕಿದ್ದು, ಇವನ್ನೆಲ್ಲ ವ್ಯಾಸನು ಒಂದೊಂದಾಗಿ ಹೇಳುತ್ತಾನೆ. ಇಷ್ಟಾದ ಮೇಲೂ, ನಾನು ಗೆಲ್ಲಲ್ಪಟ್ಟವಳೋ ಅಲ್ಲವೋ ಹೇಳಿ ಎಂದೇ ಅವಳು ಸಭೆಯನ್ನು ಪೀಡಿಸುತ್ತಾಳೆ.

ವಸ್ತ್ರಾಪಹರಣದ ವಿಷಯದಲ್ಲಿ ಪಾಠಭೇದವನ್ನು ಗಮನಿಸಬೇಕು. ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯು ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿ 1966ರಲ್ಲಿ ಪೂರ್ಣಗೊಳಿಸಿದ ಸಂಶೋಧಿತ ಆವೃತ್ತಿಯಲ್ಲಿ, ದ್ರೌಪದಿ ಕೃಷ್ಣನನ್ನು ಕೂಗಿ ಪ್ರಾರ್ಥಿಸುವ ಶ್ಲೋಕಗಳು ಮುಖ್ಯ ಪಾಠದೊಳಗಿಲ್ಲ. ಸೆಳೆದಷ್ಟೂ ಬಟ್ಟೆ ಬರುತ್ತದೆ, ಯಾರು ಕೊಟ್ಟರೆಂದು ಅಲ್ಲಿ ಹೇಳಿಲ್ಲ. ಹಾಗೆಂದು ಕೃಷ್ಣನ ಪ್ರಸಂಗವೇ ಪೂರ್ತಿ ಕಟ್ಟುಕಥೆ ಎಂದು ಆತುರಪಡಬಾರದು, ಏಕೆಂದರೆ ಉದ್ಯೋಗಪರ್ವದಲ್ಲಿ ಕೃಷ್ಣನೇ ಸಂಜಯನ ಮುಂದೆ, ದೂರದಲ್ಲಿದ್ದ ನನ್ನನ್ನು ಗೋವಿಂದಾ ಎಂದು ಅವಳು ಕೂಗಿದ ಕೂಗು ತೀರದ ಸಾಲವಾಗಿ ಬೆಳೆಯುತ್ತಿದೆ ಎನ್ನುತ್ತಾನೆ. ನಿಮ್ಮ ಕೈಯಲ್ಲಿರುವ ಅನುವಾದವು ಸಂಶೋಧಿತ ಪಾಠವನ್ನು ಅನುಸರಿಸಿದೆಯೋ ಸಾಂಪ್ರದಾಯಿಕ ಪಾಠವನ್ನೋ ಎಂಬುದನ್ನು ಮುನ್ನುಡಿಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ವನಪರ್ವವನ್ನು ಬಿಟ್ಟು ಮುಂದಕ್ಕೆ ಹಾರುವವರು ಬಹಳ ಕಳೆದುಕೊಳ್ಳುತ್ತಾರೆ. ದ್ವೈತವನದಲ್ಲಿ ಅವಳು ಧರ್ಮರಾಯನೊಂದಿಗೆ ನಡೆಸುವ ವಾದವು ಗಂಡಹೆಂಡಿರ ಜಗಳವಲ್ಲ, ಅದು ಶಾಸ್ತ್ರಾರ್ಥ. ಯಾವಾಗಲೂ ಕ್ಷಮಿಸುವವನಿಗೂ ಕೇಡು, ಯಾವಾಗಲೂ ಕೆರಳುವವನಿಗೂ ಕೇಡು ಎಂದು ಪ್ರಹ್ಲಾದನು ಬಲಿಗೆ ಹೇಳಿದ ಮಾತನ್ನು ಉದಾಹರಿಸಿ ಆರಂಭಿಸುತ್ತಾಳೆ. ದಾರದಿಂದ ಆಡಿಸುವ ಮರದ ಗೊಂಬೆಯಂತೆ ಧಾತೃವು ಪ್ರಾಣಿಗಳನ್ನು ಆಡಿಸುತ್ತಾನೆ, ಹಾಗಾದರೆ ಪಾಪದ ಹೊಣೆ ಯಾರದು ಎಂಬಲ್ಲಿಯವರೆಗೂ ಹೋಗುತ್ತಾಳೆ. ಧರ್ಮರಾಯನು ನಿನ್ನ ಮಾತು ಸೊಗಸಾಗಿದೆ, ಆದರೆ ನಾಸ್ತಿಕ್ಯ ಎಂದು ತಡೆಯುತ್ತಾನೆ. ಅದೇ ಪರ್ವದಲ್ಲಿ ಕೃಷ್ಣನು ಕಾಡಿಗೆ ಬಂದಾಗ, ನನಗೆ ಗಂಡಂದಿರಿಲ್ಲ, ಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ, ತಂದೆಯಿಲ್ಲ, ಕೃಷ್ಣಾ, ನೀನೂ ಇಲ್ಲ ಎಂದು ಮುಖ ಮುಚ್ಚಿಕೊಂಡು ಅಳುತ್ತಾಳೆ. ಜೂಜಿನ ಹೊತ್ತಿಗೆ ತಾನು ಸಾಲ್ವನೊಂದಿಗೆ ಯುದ್ಧದಲ್ಲಿದ್ದೆನೆಂದು ಕೃಷ್ಣನು ವಿವರಣೆ ಕೊಡಬೇಕಾಗುತ್ತದೆ. ದೇವರು ಭಕ್ತೆಗೆ ಲೆಕ್ಕ ಒಪ್ಪಿಸುವ ಈ ಅಧ್ಯಾಯವನ್ನು ನಾನು ಪ್ರತಿ ಸಲ ಓದಿದಾಗಲೂ ಪುಸ್ತಕವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರುತ್ತೇನೆ.

ಇನ್ನು ವಿರಾಟಪರ್ವ. ಕರಿಯ, ಕೊಳೆಯಾದ ಒಂದೇ ಬಟ್ಟೆಯನ್ನುಟ್ಟು, ಕೂದಲನ್ನು ಬಲಪಕ್ಕಕ್ಕೆ ಇಳಿಬಿಟ್ಟು ಮರೆಮಾಡಿಕೊಂಡು ಅವಳು ವಿರಾಟನ ರಾಣಿ ಸುದೇಷ್ಣೆಯ ಬಳಿಗೆ ಸೈರಂಧ್ರಿಯಾಗಿ, ಎಂದರೆ ಸಿಂಗಾರ ಮಾಡುವ ದಾಸಿಯಾಗಿ ಹೋಗುತ್ತಾಳೆ. ಎಂಜಲು ಮುಟ್ಟುವುದಿಲ್ಲ, ಕಾಲು ತೊಳೆಯುವುದಿಲ್ಲ ಎಂಬ ಕರಾರನ್ನು ಸುದೇಷ್ಣೆ ಒಪ್ಪಿಕೊಳ್ಳುತ್ತಾಳೆ. ಕೀಚಕನು ಅವಳನ್ನು ಅಟ್ಟಿಸಿಕೊಂಡು ಬಂದು ರಾಜನ ಕಣ್ಣೆದುರಿಗೇ ಒದೆಯುತ್ತಾನೆ. ನನ್ನ ಕಣ್ಮರೆಯಲ್ಲಿ ನಡೆದ ನಿಮ್ಮಿಬ್ಬರ ಜಗಳ ನನಗೆ ತಿಳಿಯದು ಎಂದು ವಿರಾಟನು ಕೈತೊಳೆದುಕೊಳ್ಳುತ್ತಾನೆ. ಆಗ ಕಂಕನ ವೇಷದಲ್ಲಿ ಅಲ್ಲಿಯೇ ಇದ್ದ ಧರ್ಮರಾಯನು ಹೇಳುವ ಮಾತನ್ನು ಕೇಳಿ: ಸೈರಂಧ್ರಿ, ನಿನಗೆ ಕಾಲದ ಅರಿವಿಲ್ಲ, ನಟಿಯಂತೆ ಅತ್ತಿಂದಿತ್ತ ಓಡಾಡುತ್ತೀಯೆ, ಸಭೆಯಲ್ಲಿ ಪಗಡೆಯಾಡುತ್ತಿರುವ ಮತ್ಸ್ಯರ ಆಟಕ್ಕೆ ಅಡ್ಡಿಮಾಡುತ್ತಿದ್ದೀಯೆ. ಮತ್ತೆ ಅದೇ ಸಭೆ, ಅದೇ ದಾಳಗಳು, ಮತ್ತೆ ಅದೇ ಗಂಡ. ಅವನಿಗೆ ಗುಟ್ಟು ಕಾಯುವ ಕಾರಣವಿತ್ತು ಎಂಬುದು ನಿಜ. ಆದರೆ ಅವಳು ಹೊಡೆತ ತಿಂದು ಬಿದ್ದಾಗ ಆಟ ಕೆಟ್ಟಿತೆಂಬ ಮಾತೇ ಅವನ ಬಾಯಿಗೆ ಬರಬೇಕೆಂದು ವ್ಯಾಸನು ಬರೆದದ್ದು ಸುಮ್ಮನೆಯಲ್ಲ.

ಆ ರಾತ್ರಿ ಅಡುಗೆಮನೆಯಲ್ಲಿ ಅವಳು ಭೀಮನಿಗೆ ತನ್ನ ಕೈಗಳನ್ನು ತೋರಿಸುತ್ತಾಳೆ. ಕುಂತಿಗೆ ಹೊರತು ಬೇರೆಯವರಿಗೆ ಎಂದೂ ಗಂಧ ತೇಯದವಳು ವಿರಾಟನಿಗಾಗಿ ಚಂದನ ತೇಯ್ದು ತೇಯ್ದು ಅಂಗೈ ಜಡ್ಡುಗಟ್ಟಿದೆ. ಭೀಮನು ಬಾತುಹೋದ ಆ ಕೈಗಳನ್ನು ತನ್ನ ಮುಖಕ್ಕೆ ಒತ್ತಿಕೊಂಡು ಅಳುತ್ತಾನೆ. ಚಕ್ರವರ್ತಿಯ ಪಟ್ಟಮಹಿಷಿಗೆ ಒದಗಿದ ಅವಮಾನವನ್ನು ಹೇಳಲು ಒಂದು ಜಡ್ಡುಗಟ್ಟಿದ ಅಂಗೈ ಸಾಕು ಎಂದು ಕವಿಗೆ ತಿಳಿದಿತ್ತು.

ಕುಮಾರವ್ಯಾಸ: ಕನ್ನಡದಲ್ಲಿ ಮಾತನಾಡುವ ದ್ರೌಪದಿ

ವ್ಯಾಸಭಾರತದ ಸಂಪುಟಗಳು ಭಾರವೆನಿಸುವವರಿಗೆ, ಅಥವಾ ದ್ರೌಪದಿಯನ್ನು ಅನುವಾದದಲ್ಲಲ್ಲದೆ ನೇರವಾಗಿ ಕನ್ನಡದಲ್ಲಿಯೇ ಕೇಳಬೇಕೆನ್ನುವವರಿಗೆ, ನನ್ನ ಸಲಹೆ ಕುಮಾರವ್ಯಾಸ. ಹದಿನೈದನೆಯ ಶತಮಾನದ ಈ ಭಾಮಿನಿ ಷಟ್ಪದಿಯ ಕಾವ್ಯದಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಪದ್ಯಗಳಿವೆ. ಗದಾಪರ್ವದವರೆಗಿನ ಹತ್ತು ಪರ್ವಗಳ ಕಥೆ ಮಾತ್ರ ಇದೆ. ಮುಂದಿನ ಪರ್ವಗಳನ್ನು ತಿಮ್ಮಣ್ಣ ಕವಿಯು ಕೃಷ್ಣದೇವರಾಯನ ಕಾಲದಲ್ಲಿ ಬರೆದನು. ಪಾಂಡವರ ಕೊನೆಯ ಪಯಣವಾದ ಮಹಾಪ್ರಸ್ಥಾನದಲ್ಲಿ ದ್ರೌಪದಿ ಎಲ್ಲರಿಗಿಂತ ಮೊದಲು ಬೀಳುವುದನ್ನೂ, ಅದಕ್ಕೆ ಧರ್ಮರಾಯನು ಅರ್ಜುನನ ಮೇಲಿನ ಪಕ್ಷಪಾತವನ್ನು ಕಾರಣವಾಗಿ ಹೇಳುವುದನ್ನೂ ಓದಬೇಕೆನ್ನುವವರಿಗೆ ಕುಮಾರವ್ಯಾಸನೊಬ್ಬನೇ ಸಾಲುವುದಿಲ್ಲ.

ಸಭಾಪರ್ವದಲ್ಲಿ ಅವನ ಒಲವು ಬೇರೆ. ಕೃಷ್ಣಕಥೆಯನ್ನೇ ಹೇಳುತ್ತೇನೆಂದು ಹೊರಟ ಕವಿ ಅವನು. ದ್ರೌಪದಿಯ ಕೇಳಿಕೆ, ಹಿರಿಯರನ್ನು ಅವಳು ಹಂಗಿಸುವ ಮಾತು, ಎಲ್ಲವೂ ಇವೆ. ಆದರೆ ಅವೆಲ್ಲ ಹರಿದು ಹೋಗಿ ಸೇರುವುದು ಕೃಷ್ಣನನ್ನು ಕರೆಯುವ ಸುದೀರ್ಘ ಮೊರೆಗೆ. ಸಭೆ ಉತ್ತರಿಸದೆ ಹೋದದ್ದನ್ನು ದೇವರು ಉತ್ತರಿಸುತ್ತಾನೆ. ಓದುಗನ ಗಂಟಲು ಕಟ್ಟುತ್ತದೆ ಎಂಬುದರಲ್ಲಿ ಸಂಶಯವಿಲ್ಲ, ಆದರೆ ಭೀಷ್ಮನಿಗೆ ಹಾಕಿದ ಪ್ರಶ್ನೆ ಆ ಭಕ್ತಿಯ ಪ್ರವಾಹದಲ್ಲಿ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ನ್ಯಾಯದ ವಾದವನ್ನು ಹುಡುಕಿಕೊಂಡು ಬಂದವರಿಗೆ ಇಲ್ಲಿ ಕೊರತೆ ಕಾಣಬಹುದು. ಮೊರೆಯ ಆರ್ತತೆಯನ್ನು ಹುಡುಕುವವರಿಗೆ ಇದಕ್ಕಿಂತ ಮಿಗಿಲಾದದ್ದು ಸಿಗದು.

ವಿರಾಟಪರ್ವಕ್ಕೆ ಬಂದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಅಡುಗೆಮನೆಯ ಆ ರಾತ್ರಿಯನ್ನು ಕುಮಾರವ್ಯಾಸನಷ್ಟು ಜೀವಂತವಾಗಿ ಕನ್ನಡದಲ್ಲಿ ಮತ್ತಾರೂ ಬರೆದಿಲ್ಲ. ಇಲ್ಲಿ ಭೀಮನು ತಟ್ಟನೆ ಕರಗುವುದಿಲ್ಲ. ಹೆಂಡತಿ ಐವರಿಗೂ ಸೇರಿದವಳು, ಅವಳ ಕಷ್ಟದ ಹೊರೆ ಮಾತ್ರ ನನ್ನೊಬ್ಬನದೇ ಎಂದು ಮುನಿಸಿಕೊಂಡು ಮಾತನಾಡುತ್ತಾನೆ. ಆಗ ಅವಳ ಬಾಯಿಂದ ಬರುವ ಸಾಲು ಇದು: "ಗಂಡರೈವರು ಮೂರುಲೋಕದ ಗಂಡರೊಬ್ಬಳನಾಳಲಾರಿರಿ". ಗಂಡನೆಂದರೆ ಪತಿ, ಗಂಡನೆಂದರೆ ವೀರ. ನನ್ನ ಗಂಡಂದಿರು ಐವರು, ಮೂರು ಲೋಕಕ್ಕೆ ಗಂಡರು, ಒಬ್ಬ ಹೆಂಗಸನ್ನು ಕಾಯಲಾರದೆ ಹೋದಿರಿ ಎಂದು ಒಂದೇ ಪದವನ್ನು ಎರಡು ಕಡೆಯಿಂದ ಹರಿತಮಾಡಿ ಇರಿಯುತ್ತಾಳೆ. ಈ ಇರಿತ ಬೇರೆ ಭಾಷೆಗೆ ಹೋಗುವುದಿಲ್ಲ. ಸಂಸ್ಕೃತದ ದ್ರೌಪದಿ ಪಂಡಿತೆ. ಇಲ್ಲಿಯ ದ್ರೌಪದಿ ನಮ್ಮ ಊರಿನ ಹಿತ್ತಿಲಲ್ಲಿ ನಿಂತು ಮಾತನಾಡುವ ಹೆಂಗಸಿನ ಹಾಗೆ ಮಾತನಾಡುತ್ತಾಳೆ, ಆದರೂ ರಾಣಿಯ ಘನತೆ ಒಂದಿಷ್ಟೂ ಕುಂದುವುದಿಲ್ಲ. ಕೊನೆಗೆ ಭೀಮನು ಅವಳ ಕಂಬನಿ ತೊಡೆದು, ಕುರುಳು ನೇವರಿಸಿ, ಗಿಂಡಿಯ ನೀರಿನಿಂದ ಮುಖ ತೊಳೆಯುತ್ತಾನೆ. ವ್ಯಾಸನಲ್ಲಿ ಭೀಮನು ಅವಳ ಕೈಹಿಡಿದು ಅತ್ತರೆ, ಕುಮಾರವ್ಯಾಸನಲ್ಲಿ ಅತ್ತವಳ ಮುಖ ತೊಳೆಯುತ್ತಾನೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಯಾವುದು ಮೇಲು ಎಂದು ಹೇಳುವ ಧೈರ್ಯ ನನಗೆ ಬರುವುದಿಲ್ಲ.

ನಡುಗನ್ನಡ ಕಷ್ಟವೆಂದು ಹೆದರುವವರಿಗೆ ಒಂದು ಮಾತು. ಕುಮಾರವ್ಯಾಸನನ್ನು ಕಣ್ಣಿನಿಂದ ಓದುವುದಕ್ಕಿಂತ ಬಾಯಿಬಿಟ್ಟು ಓದಬೇಕು. ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುವ ಆ ನಡೆಯು ನಾಲಗೆಗೆ ಹತ್ತಿದ ಮೇಲೆ ಅರ್ಧದಷ್ಟು ಪದಗಳು ತಾವಾಗಿಯೇ ಅರ್ಥವಾಗುತ್ತವೆ. ವಿರಾಟಪರ್ವದ ಕೀಚಕವಧೆಯ ಸಂಧಿಗಳಿಂದಲೇ ಆರಂಭಿಸಿ, ಆಮೇಲೆ ಸಭಾಪರ್ವಕ್ಕೆ ಹಿಂತಿರುಗುವುದು ಹೊಸಬರಿಗೆ ಸುಲಭ.

ಪಂಪ ಮತ್ತು ರನ್ನ: ಮುಡಿಯ ಕಥೆ

ಪಂಪನು 941ರಲ್ಲಿ ಬರೆದ 'ವಿಕ್ರಮಾರ್ಜುನ ವಿಜಯ'ವನ್ನು ದ್ರೌಪದಿಗಾಗಿಯೇ ಓದಲು ಹೊರಟವರಿಗೆ ಮೊದಲೇ ಎಚ್ಚರಿಕೆ ಕೊಡಬೇಕು. ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಬರೆದ ಕಾವ್ಯ ಇದು. ಆದ್ದರಿಂದ ಇಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಐವರ ಪತ್ನಿಯೆಂಬ ಕಾರಣದಿಂದ ಸಭೆಯಲ್ಲಿ ಅವಳ ಮೇಲೆ ಬಿದ್ದ ನಿಂದೆಯೂ, ಐವರಿದ್ದೂ ಅನಾಥಳಾದ ಅವಳ ಪಾಡೂ ಇದರಿಂದ ಬೇರೆ ರೂಪ ತಾಳುತ್ತವೆ. ಹದಿನಾಲ್ಕು ಆಶ್ವಾಸಗಳಲ್ಲಿ, ಎಂದರೆ ಅಧ್ಯಾಯಗಳಲ್ಲಿ, ಸಮಸ್ತ ಭಾರತವನ್ನು ಅಡಕಗೊಳಿಸಿದ್ದರಿಂದ ವನವಾಸ ಮತ್ತು ಅಜ್ಞಾತವಾಸದ ಭಾಗಗಳು ಬಿಗಿಯಾಗಿವೆ. ಕಾವ್ಯದ ಕೊನೆಯಲ್ಲಿ ಅರ್ಜುನನೊಂದಿಗೆ ಪಟ್ಟಕ್ಕೇರುವವಳು ಸುಭದ್ರೆ. ಇಷ್ಟೆಲ್ಲ ಅನುಭವಿಸಿದವಳನ್ನು ಪಟ್ಟದ ಹೊತ್ತಿಗೆ ಪಕ್ಕಕ್ಕೆ ಸರಿಸಿದ್ದು ವಿಮರ್ಶಕರನ್ನು ಬಹುಕಾಲದಿಂದ ಕಾಡಿದೆ, ನನ್ನನ್ನೂ ಕಾಡುತ್ತದೆ.

ಹಾಗಿದ್ದರೂ ಪಂಪನನ್ನು ಓದಲೇಬೇಕಾದ ಒಂದು ಸ್ಥಳವಿದೆ. ದುಶ್ಶಾಸನನ ವಧೆಯಾದ ಮೇಲೆ ಭೀಮನು ದ್ರೌಪದಿಯ ಮುಡಿಯನ್ನು ಕಟ್ಟುತ್ತ ಆಡುವ ಪದ್ಯ ಅದು. ರಾಜರ ಸಮೂಹವೆಲ್ಲ ಇದರೊಳಗೆ ಅಡಗಿಹೋಯಿತು, ಕುರುವಂಶವೂ ಇದರೊಳಗೇ ಅಡಗಿತು ಎಂದು ಹೇಳುತ್ತ, ನಿನ್ನ ಈ ಕೇಶಪಾಶದ ಪ್ರಪಂಚ ಸಾಮಾನ್ಯವೇ, "ಇದುವೆ ಮಹಾಭಾರತಕ್ಕಾದಿಯಾಯ್ತು" ಎನ್ನುತ್ತಾನೆ. ಒಂದು ಯುದ್ಧದ ಮೂಲವನ್ನು ಸಿಂಹಾಸನದಲ್ಲಲ್ಲ, ಬಿಚ್ಚಿದ ಒಂದು ಮುಡಿಯಲ್ಲಿ ಕಂಡ ಕಣ್ಣು ಅದು. ವ್ಯಾಸನಲ್ಲಿಯೂ ಕೂದಲಿನ ನೆನಪಿದೆ: ಸಂಧಾನಕ್ಕೆ ಹೊರಟ ಕೃಷ್ಣನಿಗೆ ದ್ರೌಪದಿಯು ತನ್ನ ಕೂದಲನ್ನು ಎಡಗೈಯಲ್ಲಿ ಹಿಡಿದು ತೋರಿಸಿ, ಸಂಧಿಯ ಮಾತು ಬಂದಾಗಲೆಲ್ಲ ದುಶ್ಶಾಸನನ ಕೈ ಸೋಕಿದ ಇದನ್ನು ನೆನೆದುಕೋ ಎನ್ನುತ್ತಾಳೆ. ಆದರೆ ಶತ್ರುವಿನ ವಧೆಯಾಗುವವರೆಗೆ ಮುಡಿ ಕಟ್ಟೆನೆಂಬ ಶಪಥವನ್ನು ಕೇಂದ್ರದಲ್ಲಿಟ್ಟು ಕಥೆ ಕಟ್ಟಿದ್ದು ಭಟ್ಟನಾರಾಯಣನ 'ವೇಣೀಸಂಹಾರ'ದಂಥ ಕೃತಿಗಳ ದಾರಿ. ಕನ್ನಡದ ಇಬ್ಬರು ಹಳೆಯ ಕವಿಗಳೂ ಆ ದಾರಿಯ ಸೊಗಸನ್ನು ಬಲ್ಲವರು.

ರನ್ನನ 'ಗದಾಯುದ್ಧ'ದಲ್ಲಿ ಆ ದಾರಿ ಇನ್ನೂ ಅಗಲವಾಗುತ್ತದೆ. ಯುದ್ಧದ ಕೊನೆಯ ದಿನದ ಸುತ್ತ ಕಥೆಯನ್ನಿಟ್ಟು, ಹಿಂದಿನದನ್ನೆಲ್ಲ ಸಿಂಹಾವಲೋಕನ ಕ್ರಮದಲ್ಲಿ ಹೇಳುವ ಕಾವ್ಯ ಅದು. ಮೊದಲಲ್ಲಿಯೇ ದ್ರೌಪದಿಯು ಭೀಮನಿಗೆ ಅವನ ಪ್ರತಿಜ್ಞೆಯನ್ನು ನೆನಪಿಸುವ ಸಂಭಾಷಣೆ ಬರುತ್ತದೆ; ಕೊನೆಯಲ್ಲಿ ನಾಯಕನಾದ ಭೀಮನಿಗೇ ಪಟ್ಟ, ಅವನ ಪಕ್ಕದಲ್ಲಿ ದ್ರೌಪದಿ. ಪಂಪನು ಕೊಡದ ಸ್ಥಾನವನ್ನು ರನ್ನನು ಕೊಟ್ಟನೆಂದು ಸಂತೋಷವಾಗುತ್ತದೆ. ಆದರೆ ಈ ಎರಡೂ ಕಾವ್ಯಗಳಲ್ಲಿ ಸಭೆಯ ಪ್ರಶ್ನೆಗೆ ಸಿಗುವ ಉತ್ತರ ರಕ್ತದಲ್ಲಿಯೇ ಹೊರತು ಧರ್ಮವಿಚಾರದಲ್ಲಲ್ಲ. ಹಳಗನ್ನಡದ ಅಭ್ಯಾಸವಿಲ್ಲದವರು ಪಂಪನಿಗೆ ಡಿ. ಎಲ್. ನರಸಿಂಹಾಚಾರ್ಯರ 'ಪಂಪಭಾರತ ದೀಪಿಕೆ'ಯನ್ನು ಜೊತೆಗಿಟ್ಟುಕೊಂಡು, ಮೇಲೆ ಹೇಳಿದ ಮುಡಿಯ ಪದ್ಯವಿರುವ ಹನ್ನೆರಡನೆಯ ಆಶ್ವಾಸವನ್ನು ಮಾತ್ರ ಮೊದಲು ಓದಬಹುದು. ದ್ರೌಪದಿಯ ಪರಿಚಯಕ್ಕೆ ಇವು ಮೊದಲ ಪುಸ್ತಕಗಳಲ್ಲ. ಮೂರನೆಯದೋ ನಾಲ್ಕನೆಯದೋ ಆಗಿ ಬಂದಾಗ ಇವುಗಳ ಬೆಲೆ ತಿಳಿಯುತ್ತದೆ.

ಗದ್ಯದ ದಾರಿ

ದಿನಕ್ಕೆ ಅರ್ಧ ಗಂಟೆ ಮಾತ್ರ ಬಿಡುವಿರುವವರು, ಮನೆಯಲ್ಲಿ ಹಿರಿಯರಿಗೆ ಓದಿ ಹೇಳುವವರು 'ವಚನ ಭಾರತ'ವನ್ನು ತೆಗೆದುಕೊಳ್ಳಲಿ. ಒಂದೇ ಸಂಪುಟದಲ್ಲಿ ವ್ಯಾಸನ ಕಥೆಯ ಓಟ ಕೆಡದಂತೆ, ತಿಳಿಯಾದ ಗದ್ಯದಲ್ಲಿ ಬಂದಿದೆ. ಸಂಗ್ರಹವಾದ್ದರಿಂದ ದ್ವೈತವನದ ವಾದದಂಥ ಭಾಗಗಳ ಪೂರ್ಣ ಸ್ವಾರಸ್ಯಕ್ಕೆ ಮತ್ತೆ ಅನುವಾದದ ಕಡೆಗೇ ಹೋಗಬೇಕಾಗುತ್ತದೆ.

1979ರಲ್ಲಿ ಪ್ರಕಟವಾದ 'ಪರ್ವ'ದ ಸ್ವರೂಪವೇ ಬೇರೆ. ಭೈರಪ್ಪನವರು ವರ, ಶಾಪ, ಪವಾಡಗಳನ್ನು ತೆಗೆದು, ಯುದ್ಧದ ಹೊಸ್ತಿಲಲ್ಲಿ ನಿಂತ ಪಾತ್ರಗಳು ತಮ್ಮ ಹಿಂದಿನ ಬದುಕನ್ನು ನೆನೆದುಕೊಳ್ಳುವಂತೆ ಬರೆದಿದ್ದಾರೆ. ಐವರನ್ನು ಮದುವೆಯಾದ ಹೆಣ್ಣಿನ ದೇಹ ಮತ್ತು ಮನಸ್ಸಿನ ದಣಿವು, ಗಂಡಂದಿರ ಬೇರೆ ಬೇರೆ ಹೆಂಡಿರ ನಡುವೆ ಅವಳ ಸ್ಥಾನ, ಮಕ್ಕಳೊಂದಿಗಿನ ದೂರ, ಇವು ಅಲ್ಲಿ ದ್ರೌಪದಿಯ ನೆನಪಾಗಿ ಬರುತ್ತವೆ. ಹಳೆಯ ಕಾವ್ಯಗಳು ಹೊರಗಿನಿಂದ ತೋರಿ ಬಿಟ್ಟದ್ದನ್ನು ಇದು ಒಳಗಿನಿಂದ ಹೇಳಿಸುತ್ತದೆ. ಆದರೆ ಇದು ಇಪ್ಪತ್ತನೆಯ ಶತಮಾನದ ಲೇಖಕರೊಬ್ಬರ ಊಹೆಯ ದ್ರೌಪದಿ. ಪರಂಪರೆಯ ದ್ರೌಪದಿಯನ್ನು ಅರಿಯದೆ ನೇರವಾಗಿ ಇಲ್ಲಿಗೆ ಬಂದವರಿಗೆ, ಲೇಖಕರು ಏನನ್ನು ಬಿಟ್ಟರು, ಏನನ್ನು ಕೂಡಿಸಿದರು ಎಂಬುದು ಕಾಣದೆ ಹೋಗುತ್ತದೆ. ವ್ಯಾಸನನ್ನೋ ಕುಮಾರವ್ಯಾಸನನ್ನೋ ಓದಿದ ಮೇಲೆ ಓದಿ ಎಂದೇ ಹೇಳುತ್ತೇನೆ.

ಕೇಳುವವರಿಗೆ, ನೋಡುವವರಿಗೆ

ಮಳೆ ಬಾರದಿದ್ದರೆ ವಿರಾಟಪರ್ವ ಓದಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಬಂದದ್ದು. ಒಬ್ಬರು ರಾಗವಾಗಿ ಪದ್ಯ ಓದುವುದು, ಮತ್ತೊಬ್ಬರು ಅರ್ಥ ಹೇಳುವುದು, ಜಗುಲಿಯ ತುಂಬ ಜನ. ಅಕ್ಷರ ಬಾರದ ಎಷ್ಟೋ ತಲೆಮಾರಿನ ಹೆಂಗಸರು ಸೈರಂಧ್ರಿಯ ಪಾಡನ್ನು ಕೇಳಿ ತಿಳಿದದ್ದು ಹೀಗೆ. ಇಂದಿಗೂ ಗಮಕದ ವಾಚನ ವ್ಯಾಖ್ಯಾನಗಳು ಸಿಗುತ್ತವೆ; ಶಿವಮೊಗ್ಗದ ಬಳಿಯ ಮತ್ತೂರು ಮತ್ತು ಹೊಸಹಳ್ಳಿಗಳು ಈ ಕಲೆಗೆ ಹೆಸರಾದ ಊರುಗಳು. ಕಣ್ಣಿನ ತೊಂದರೆಯಿಂದ ಓದಲಾಗದ ಹಿರಿಯರಿದ್ದರೆ ಪುಸ್ತಕದ ಯೋಚನೆ ಬಿಟ್ಟು ಕೀಚಕವಧೆಯ ಗಮಕ ವಾಚನವನ್ನು ಕೇಳಿಸುವುದೇ ಲೇಸು.

ವಾದ ಬೇಕೆನ್ನುವವರಿಗೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಎದುರುಬದುರು ಕುಳಿತು ಮಾತಿನಲ್ಲಿಯೇ ಪಾತ್ರವಾಗುತ್ತಾರೆ. ಒಳ್ಳೆಯ ಅರ್ಥಧಾರಿ ದ್ರೌಪದಿಯಾಗಿ ಕುಳಿತರೆ ಸಭಾಪರ್ವದ ಪ್ರಶ್ನೆ ಆ ರಾತ್ರಿಗೆ ಮತ್ತೆ ಹೊಸದಾಗುತ್ತದೆ; ಭೀಷ್ಮನ ಅರ್ಥಧಾರಿ ಅದಕ್ಕೆ ಎದುರು ನಿಂತು ಉತ್ತರ ಹುಡುಕಲೇಬೇಕಾಗುತ್ತದೆ. ಪುಸ್ತಕದಲ್ಲಿ ಮೌನವಾಗಿದ್ದವರನ್ನು ಇಲ್ಲಿ ಮೌನವಾಗಿರಲು ಬಿಡುವುದಿಲ್ಲ. ಯಕ್ಷಗಾನದ ಕೀಚಕವಧೆಯಲ್ಲಿ ಕೀಚಕನ ವೇಷದ ಅಬ್ಬರವೇ ಮೇಲಾಗಿ ಸೈರಂಧ್ರಿ ಹಿನ್ನೆಲೆಗೆ ಹೋಗುವ ಸಂಭವವಿದೆ. ಅದು ಆಯಾ ರಾತ್ರಿಯ ಕಲಾವಿದರನ್ನು ಅವಲಂಬಿಸಿದ್ದು.

ಬೆಂಗಳೂರಿನ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗದಲ್ಲಿ ದ್ರೌಪದಿ ಅವಮಾನಿತೆಯಲ್ಲ, ಆದಿಶಕ್ತಿ. ತಿಗಳ ಸಮುದಾಯದ ಪೂಜಾರಿಯು ಹೆಣ್ಣಿನ ವೇಷದಲ್ಲಿ, ಕೈಯಿಂದ ಹಿಡಿಯದೆ, ತಲೆಯ ಮೇಲೆ ಹೂವಿನ ಕರಗವನ್ನು ಹೊತ್ತು ನಡೆಯುತ್ತಾನೆ. ಅವಳ ಮಕ್ಕಳೆನಿಸಿಕೊಂಡ ವೀರಕುಮಾರರು ಕತ್ತಿ ಹಿಡಿದು ಸುತ್ತ ಕಾವಲಿರುತ್ತಾರೆ. ಸಭೆಯಲ್ಲಿ ಐವರು ಗಂಡಂದಿರಿದ್ದೂ ಕಾಯುವವರಿಲ್ಲದವಳಿಗೆ, ಇಲ್ಲಿ ನೂರಾರು ಮಕ್ಕಳು ಕತ್ತಿ ಹಿಡಿದು ಬೆಂಗಾವಲಾಗಿದ್ದಾರೆ. ಯಾವ ಕಾವ್ಯವೂ ಕೊಡದ ಪರಿಹಾರ ಇದು. ಓದಿ ಮುಗಿಸಿದವರು ಒಂದು ವರ್ಷ ಆ ರಾತ್ರಿ ಬೀದಿಯಲ್ಲಿ ನಿಂತು ನೋಡಬೇಕು.

ಜೊತೆಗೆ ಓದಬಹುದಾದ ಇನ್ನೆರಡು ಕಥೆಗಳಿವೆ, ಅವೂ ವನಪರ್ವದೊಳಗೇ ಇವೆ. ಜೂಜಿನಲ್ಲಿ ಸೋತ ಧರ್ಮರಾಯನಿಗೆ ಬೃಹದಶ್ವ ಮುನಿಯು ನಳದಮಯಂತಿಯರ ಕಥೆ ಹೇಳುತ್ತಾನೆ. ಜಯದ್ರಥನು ದ್ರೌಪದಿಯನ್ನು ಅಪಹರಿಸಿದ ಪ್ರಸಂಗದ ಮೇಲೆ ಮಾರ್ಕಂಡೇಯನು ರಾಮಸೀತೆಯರ ಕಥೆ ಹೇಳುತ್ತಾನೆ. ದಮಯಂತಿಯನ್ನು ಕನ್ನಡದಲ್ಲಿ ಓದಲು ಕನಕದಾಸರ 'ನಳಚರಿತ್ರೆ' ಇದೆ, ಅದೂ ಭಾಮಿನಿ ಷಟ್ಪದಿಯೇ. ಸಮಾಧಾನ ಹೇಳಿಸಿಕೊಂಡವನು ಧರ್ಮರಾಯ, ಕಷ್ಟ ಪಟ್ಟವಳು ದ್ರೌಪದಿ ಎಂಬುದನ್ನು ಗಮನದಲ್ಲಿಟ್ಟುಕೊಂಡು ಓದಿದರೆ ಆ ಉಪಾಖ್ಯಾನಗಳ ಬಣ್ಣವೇ ಬೇರೆಯಾಗಿ ಕಾಣುತ್ತದೆ.

ಮಕ್ಕಳಿಗೆ ಹೇಳುವವರು ಮಾತ್ರ ಬೇರೆ ರೀತಿಯಲ್ಲಿ ಆರಿಸಿಕೊಳ್ಳಬೇಕಾಗುತ್ತದೆ. ವಸ್ತ್ರಾಪಹರಣದಿಂದ ಆರಂಭಿಸುವುದು ಬೇಡ, ವರಗಳಿಂದ ಆರಂಭಿಸಿ. ಹೆದರಿದ ಧೃತರಾಷ್ಟ್ರನು ಬೇಕಾದ ವರ ಕೇಳು ಎಂದಾಗ ಅವಳು ಮೊದಲನೆಯದಾಗಿ, ತನ್ನ ಮಗ ಪ್ರತಿವಿಂಧ್ಯನನ್ನು ಯಾರೂ ದಾಸಪುತ್ರನೆನ್ನದಿರಲೆಂದು ಧರ್ಮರಾಯನ ಬಿಡುಗಡೆಯನ್ನು ಕೇಳುತ್ತಾಳೆ. ಎರಡನೆಯದಾಗಿ ಉಳಿದ ನಾಲ್ವರನ್ನು ಅವರ ರಥ ಮತ್ತು ಆಯುಧಗಳೊಂದಿಗೆ ಕೇಳುತ್ತಾಳೆ. ಮೂರನೆಯದನ್ನೂ ಕೇಳು ಎಂದು ಅವನು ಒತ್ತಾಯಿಸಿದರೆ ಬೇಡ ಎನ್ನುತ್ತಾಳೆ. ಏಕೆ ಬೇಡವೆಂದಳು ಎಂದು ಮಗು ಕೇಳಿಯೇ ಕೇಳುತ್ತದೆ. ಆಗ ಸಭಾಪರ್ವದ ಸಂಪುಟವನ್ನು ಅಲ್ಲಿಯೇ ತೆರೆದು ಅವಳ ಉತ್ತರವನ್ನು ಓದಿ ಹೇಳಬಹುದು: ವೈಶ್ಯನಿಗೆ ಒಂದು ವರ, ಕ್ಷತ್ರಿಯ ಸ್ತ್ರೀಗೆ ಎರಡು, ರಾಜನಿಗೆ ಮೂರು, ಲೋಭ ಧರ್ಮವನ್ನು ಕೆಡಿಸುತ್ತದೆ, ನನ್ನ ಗಂಡಂದಿರು ಬಿಡುಗಡೆಯಾಗಿದ್ದಾರೆ, ಉಳಿದದ್ದನ್ನು ಅವರೇ ಸಂಪಾದಿಸಿಕೊಳ್ಳುತ್ತಾರೆ.